ಪ್ರಜ್ಞೆ ಎಂಬ ಹೆಸರಿನವಳು: ಸೋಫಿ ಜರ್ಮೇನ್ (1776–1831)

ಸೋಫಿ ಎಂಬ ಹೆಸರನ್ನು ನಾನು ಮೊದಲು ಗಮನಿಸಿದ್ದು ಒಬ್ಬ ವ್ಯಕ್ತಿಯ ಹೆಸರಾಗಿ ಅಲ್ಲ, ಒಂದು ದಿನದ ಹೆಸರಾಗಿ. ಜರ್ಮನಿಯ ಬ್ರೌನ್‌ಶ್ವೈಗ್ ನಗರದಲ್ಲಿ ನೆಲೆಸಿದ ಮೊದಲ ವರ್ಷ, ಏಪ್ರಿಲ್ ಕೊನೆಯ ಬಿಸಿಲನ್ನು ನಂಬಿ ಟೊಮೆಟೊ ಸಸಿಗಳನ್ನು ಹಿತ್ತಲಲ್ಲಿ ನೆಡಲು ಹೊರಟಿದ್ದೆ. ನೆರೆಮನೆಯ ವೃದ್ಧೆ ಬೇಲಿಯಾಚೆಯಿಂದ ನೋಡಿ, ಚಳಿಯ ಸೋಫಿ ಕಳೆಯುವವರೆಗೆ ತಡೆಯಬೇಕೆಂದು ಎಚ್ಚರಿಸಿದರು. ಮೇ 11ರಿಂದ 15ರವರೆಗಿನ ಐದು ದಿನಗಳಿಗೆ ಇಲ್ಲಿ ಹಿಮದ ಸಂತರ ದಿನಗಳೆಂದು ಹೆಸರು. ಅವುಗಳಲ್ಲಿ ಕೊನೆಯದು ಸಂತ ಸೋಫಿಯಾಳ ದಿನ. ಅದು ದಾಟಿತೆಂದರೆ ರಾತ್ರಿಯ ಹಿಮಕ್ಕೆ ಸಸಿ ಸುಟ್ಟುಹೋಗುವ ಭಯ ತೀರಿತೆಂದು ಲೆಕ್ಕ. ನಮ್ಮ ರೈತರು ಮಳೆನಕ್ಷತ್ರಗಳನ್ನು ಎಣಿಸಿ ಬಿತ್ತನೆಗೆ ಇಳಿಯುವ ಹಾಗೆಯೇ ಇದು.

ಕೆಲವು ವರ್ಷಗಳ ಅನಂತರ ಮಗಳು ಶಾಲೆಯಿಂದ ಬಂದು, ತನ್ನ ಗೆಳತಿ ಸೋಫಿಯ ಹೆಸರಿಗೆ ಅರ್ಥವೇನೆಂದು ಕೇಳಿದಳು. ಮಗಳ ಹೆಸರು ಮೇಧಾ. ಆ ಹೆಸರಿನ ಅರ್ಥವನ್ನು ತರಗತಿಯಲ್ಲಿ ಹಲವು ಸಲ ಬಿಡಿಸಿ ಹೇಳಬೇಕಾಗಿ ಬಂದವಳಿಗೆ, ಇತರರ ಹೆಸರುಗಳಿಗೂ ಅರ್ಥವಿರಬೇಕಲ್ಲವೇ ಎಂಬ ಅನುಮಾನ ಹುಟ್ಟಿತ್ತು. ಇಬ್ಬರ ಹೆಸರೂ ಹೆಚ್ಚುಕಡಿಮೆ ಒಂದೇ ಅರ್ಥದವು ಎಂದು ತಿಳಿದಾಗ ಅವಳಿಗಾದ ಸಂತೋಷ ನನ್ನನ್ನು ಆ ಹೆಸರಿನ ಜಾಡಿನಲ್ಲಿ ಇನ್ನಷ್ಟು ದೂರ ಕರೆದೊಯ್ದಿತು. ಹಾಗೆ ಹೋದಾಗ ಎದುರಾದವಳು ಫ್ರಾನ್ಸಿನ ಗಣಿತಜ್ಞೆ ಸೋಫಿ ಜರ್ಮೇನ್. ಪ್ರಜ್ಞೆ ಎಂಬ ಅರ್ಥದ ಹೆಸರನ್ನು ಹೊತ್ತವಳು, ಪ್ರಜ್ಞೆಯ ಕೆಲಸಕ್ಕೆ ಆ ಹೆಸರನ್ನು ಹಾಕಲಾಗದೆ ಬಹುಕಾಲ ಬೇರೊಬ್ಬನ ಹೆಸರಿನಲ್ಲಿ ಬರೆದಳು. ಈ ಲೇಖನ ಆ ಹೆಸರಿನ ಮತ್ತು ಆ ಬದುಕಿನ ಪರಿಚಯ.

ಹೆಸರಿನ ಮೂಲ ಮತ್ತು ಬಳಕೆ

ಸೋಫಿ ಎಂಬುದು ಗ್ರೀಕ್ ಭಾಷೆಯ ಸೋಫಿಯಾ ಎಂಬ ಪದದ ಫ್ರೆಂಚ್ ರೂಪ. ಸೋಫಿಯಾ ಎಂದರೆ ಪ್ರಜ್ಞೆ, ವಿವೇಕ. ಫಿಲಾಸಫಿ ಎಂಬ ಪದದ ಉತ್ತರಾರ್ಧದಲ್ಲಿರುವುದೂ ಇದೇ. ಪ್ರಜ್ಞೆಯ ಮೇಲಣ ಪ್ರೀತಿಯೇ ಫಿಲಾಸಫಿ. ಕ್ರಿ.ಶ. 537ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಪೂರ್ಣಗೊಂಡ ಹಾಗಿಯಾ ಸೋಫಿಯಾ ಎಂಬ ಮಹಾ ಇಗರ್ಜಿಯು ಸೋಫಿಯಾ ಎಂಬ ಸ್ತ್ರೀಗೆ ಅರ್ಪಿತವಾದುದಲ್ಲ, ದೈವೀ ಪ್ರಜ್ಞೆಗೆ ಅರ್ಪಿತವಾದುದು. ಆದರೆ ಭಕ್ತರ ಕಲ್ಪನೆಯಲ್ಲಿ ಪ್ರಜ್ಞೆಯು ತಾಯಿಯ ರೂಪವನ್ನೂ ತಾಳಿತು. ಶ್ರದ್ಧೆ, ಭರವಸೆ, ಪ್ರೇಮ ಎಂಬ ಹೆಸರಿನ ಮೂವರು ಹೆಣ್ಣುಮಕ್ಕಳ ತಾಯಿಯಾದ ಸಂತ ಸೋಫಿಯಾಳ ಕಥೆ ಪೂರ್ವ ಪಶ್ಚಿಮಗಳೆರಡರಲ್ಲೂ ಹಬ್ಬಿತು. ಇಂದಿನ ಫ್ರೆಂಚ್ ಕ್ಯಾಲೆಂಡರಿನಲ್ಲಿ ಮೇ 25 ಸೋಫಿಯರ ಹೆಸರುದಿನ.

ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಈ ಹೆಸರಿಗೆ ಒಂದು ವಿಶೇಷ ಮೆರುಗು ಬಂದಿತು. ವಿಶ್ವಕೋಶದ ಸಂಪಾದಕ ದಿದರೋ ತನ್ನ ಆಪ್ತ ಗೆಳತಿ ಲೂಯಿಸ್ ಆಂರಿಯೆತ್ ವೊಲ್ಲಾಂ ಎಂಬವಳನ್ನು ಸೋಫಿ ಎಂದೇ ಕರೆದನು. ಆತನ ಪತ್ರಗಳ ಮೂಲಕ ಆಕೆ ಸೋಫಿ ವೊಲ್ಲಾಂ ಆಗಿಯೇ ಚರಿತ್ರೆಯಲ್ಲಿ ಉಳಿದಳು. 1762ರಲ್ಲಿ ಪ್ರಕಟವಾದ ರೂಸೋನ ಎಮಿಲ್ ಎಂಬ ಗ್ರಂಥದ ಕೊನೆಯ ಭಾಗದಲ್ಲಿ ಬರುವ ಆದರ್ಶ ವಧುವಿನ ಹೆಸರೂ ಸೋಫಿ. ಅವಳ ಶಿಕ್ಷಣವೆಲ್ಲ ಗಂಡನನ್ನು ಮೆಚ್ಚಿಸುವುದಕ್ಕೆ, ಮನೆಯನ್ನು ನಡೆಸುವುದಕ್ಕೆ. ಅಮೂರ್ತ ಸತ್ಯಗಳ ಶೋಧನೆ, ವಿಜ್ಞಾನದ ಮೂಲತತ್ತ್ವಗಳು ಹೆಣ್ಣಿನ ಬುದ್ಧಿಗೆ ಎಟುಕುವುದಿಲ್ಲವೆಂಬುದು ರೂಸೋನ ನಿಲುವು. ಅಂದರೆ ಹೆಣ್ಣಿಗೆ ಪ್ರಜ್ಞೆ ಎಂದು ಹೆಸರಿಡಲು ಆ ಕಾಲ ಹಿಂಜರಿಯಲಿಲ್ಲ. ಆ ಹೆಸರು ಅಲಂಕಾರವಾಗಿಯೇ ಇರಬೇಕೆಂದು ಮಾತ್ರ ಬಯಸಿತು. ಈ ಗ್ರಂಥ ಹೊರಬಂದ 14 ವರ್ಷಗಳಿಗೆ ನಮ್ಮ ಕಥಾನಾಯಕಿ ಹುಟ್ಟಿದಳು.

ಫ್ರೆಂಚರ ನಾಮಕರಣ ಪದ್ಧತಿಯ ಒಂದು ಅಂಶವನ್ನು ಇಲ್ಲಿ ಹೇಳಬೇಕು. ಕ್ಯಾಥೊಲಿಕ್ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಮರಿ, ಅಂದರೆ ಮೇರಿಮಾತೆಯ ಹೆಸರನ್ನು ಮೊದಲಿಗೆ ಸೇರಿಸುವುದು ವಾಡಿಕೆ. ಆದ್ದರಿಂದ ಮನೆಯಲ್ಲಿ ಕರೆಯಲು ಎರಡನೆಯ ಹೆಸರೇ ಉಪಯೋಗಕ್ಕೆ ಬರುತ್ತಿತ್ತು. ಜರ್ಮೇನ್ ಮನೆಯಲ್ಲಿ ತಾಯಿಯೂ ಮರಿ ಮದ್ಲೆನ್, ಹಿರಿಯ ಮಗಳೂ ಮರಿ ಮದ್ಲೆನ್. ಎರಡನೆಯ ಮಗಳು ಮರಿ ಸೋಫಿ. ಮರಿಯರ ನಡುವೆ ಗುರುತಿಗೆ ಉಳಿದದ್ದು ಸೋಫಿ ಎಂಬ ಹೆಸರು. ಮನೆತನದ ಹೆಸರನ್ನು ಫ್ರೆಂಚರು ಉಚ್ಚರಿಸುವುದು ಜೆರ್ಮ್ಯಾಂ ಎಂದು. ಕನ್ನಡದ ಓದುಗರಿಗೆ ರೂಢಿಯಾಗಿರುವ ಜರ್ಮೇನ್ ಎಂಬುದನ್ನೇ ಇಲ್ಲಿ ಉಳಿಸಿಕೊಂಡಿದ್ದೇನೆ.

ಮೊಂಬತ್ತಿ ಇಲ್ಲದ ರಾತ್ರಿಗಳು

ಸೋಫಿ 1776ರ ಏಪ್ರಿಲ್ 1ರಂದು ಪ್ಯಾರಿಸ್ಸಿನ ಸೇಂ ದೆನಿ ಬೀದಿಯಲ್ಲಿ ಹುಟ್ಟಿದಳು. ತಂದೆ ಆಂಬ್ರೋಸ್ ಫ್ರಾಂಸ್ವಾ ಜರ್ಮೇನ್ ಅನುಕೂಲಸ್ಥ ರೇಷ್ಮೆ ವರ್ತಕ. 1789ರಲ್ಲಿ ಮೂರನೆಯ ವರ್ಗದ ಪ್ರತಿನಿಧಿಯಾಗಿ ರಾಷ್ಟ್ರೀಯ ಸಭೆಗೆ ಆಯ್ಕೆಯಾದವನು. ಮನೆಯ ಮಾತುಕತೆಯಲ್ಲೆಲ್ಲ ರಾಜಕೀಯ. ಹೊರಗೆ ಬ್ಯಾಸ್ಟೀಲ್ ಕೋಟೆ ಉರುಳಿದ ಆ ಬೇಸಗೆಯಲ್ಲಿ ಹದಿಮೂರು ವರ್ಷದ ಹುಡುಗಿ ತಂದೆಯ ಗ್ರಂಥಭಂಡಾರವನ್ನು ಆಶ್ರಯಿಸಿದಳು. ಅಲ್ಲಿ ಕೈಗೆ ಸಿಕ್ಕಿದ್ದು ಮೊಂತುಕ್ಲಾ ಬರೆದ ಗಣಿತದ ಚರಿತ್ರೆ. ಸಿರಾಕ್ಯೂಸ್ ನಗರ ಶತ್ರುವಶವಾಗುತ್ತಿದ್ದರೂ ಮರಳಿನ ಮೇಲಿನ ಆಕೃತಿಯಿಂದ ಕಣ್ಣೆತ್ತದೆ ರೋಮನ್ ಸೈನಿಕನ ಕತ್ತಿಗೆ ಬಲಿಯಾದ ಆರ್ಕಿಮಿಡೀಸನ ಕಥೆ ಅವಳನ್ನು ಹಿಡಿಯಿತು. ಒಬ್ಬನನ್ನು ಸಾವಿನ ಪರಿವೆಯೂ ಇಲ್ಲದಂತೆ ಮಾಡುವ ವಿದ್ಯೆ ಎಂಥದ್ದಿರಬೇಕೆಂಬ ಕುತೂಹಲವೇ ಅವಳ ಗಣಿತಾಭ್ಯಾಸದ ಆರಂಭ.

ತಂದೆತಾಯಿಗಳಿಗೆ ಇದು ಹಿಡಿಸಲಿಲ್ಲ. ಹೆಣ್ಣುಮಗುವಿಗೆ ಸಲ್ಲದ ಶ್ರಮ, ಆರೋಗ್ಯಕ್ಕೆ ಕೇಡು ಎಂಬುದು ಅವರ ಭಾವನೆ. ರಾತ್ರಿ ಕೋಣೆಯ ಬೆಂಕಿಯನ್ನು ಆರಿಸಿ, ಬೆಚ್ಚನೆಯ ಉಡುಪನ್ನೂ ಮೊಂಬತ್ತಿಯನ್ನೂ ತೆಗೆದಿಟ್ಟರು. ಅವಳು ಮಲಗಿದಂತೆ ನಟಿಸಿ, ಎಲ್ಲರೂ ನಿದ್ದೆಹೋದ ಮೇಲೆ ಬಚ್ಚಿಟ್ಟ ಮೊಂಬತ್ತಿಯನ್ನು ಹೊತ್ತಿಸಿ, ಹೊದಿಕೆಗಳನ್ನು ಸುತ್ತಿಕೊಂಡು ಲೆಕ್ಕ ಮಾಡುತ್ತಿದ್ದಳು. ಬೆಳಗ್ಗೆ ನೋಡಿದರೆ ದೌತಿಯ ಮಸಿ ಹೆಪ್ಪುಗಟ್ಟಿರುತ್ತಿತ್ತು. ಈ ವಿವರಗಳನ್ನು ನಮಗೆ ಉಳಿಸಿಕೊಟ್ಟವನು ಆಕೆಯ ಕಿರಿಯ ಮಿತ್ರ ಲಿಬ್ರಿ. ಆಕೆ ತೀರಿಕೊಂಡ ಬಳಿಕ ಬರೆದ ಸ್ಮರಣಲೇಖನದಲ್ಲಿ ಇವು ಬರುತ್ತವೆ. ಕೊನೆಗೆ ಮನೆಯವರು ಸೋತರು. ನ್ಯೂಟನ್ ಮತ್ತು ಆಯ್ಲರರನ್ನು ಓದಲೆಂದೇ ಅವಳು ತಾನಾಗಿ ಲ್ಯಾಟಿನ್ ಕಲಿತಳು. ಮುಂದೆ ಮಗಳು ಮದುವೆಯಾಗದೆ ಉಳಿದಾಗ ಆಕೆಯ ಜೀವನಕ್ಕೆ ಆಧಾರವಾದದ್ದು ಅದೇ ತಂದೆಯ ಹಣ.

ಮುಸ್ಯು ಲ ಬ್ಲಾಂ

1794ರಲ್ಲಿ ಪ್ಯಾರಿಸ್ಸಿನಲ್ಲಿ, ಮುಂದೆ ಎಕೋಲ್ ಪಾಲಿಟೆಕ್ನೀಕ್ ಎಂದು ಪ್ರಸಿದ್ಧವಾದ ವಿದ್ಯಾಲಯ ತೆರೆಯಿತು. ಸ್ತ್ರೀಯರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಸೋಫಿ ಪರಿಚಿತರಿಂದ ಉಪನ್ಯಾಸಗಳ ಟಿಪ್ಪಣಿಗಳನ್ನು ತರಿಸಿಕೊಂಡು ಓದಿದಳು. ಪಾಠದ ಕೊನೆಯಲ್ಲಿ ವಿದ್ಯಾರ್ಥಿಗಳು ತಮ್ಮ ವಿಚಾರಗಳನ್ನು ಬರೆದು ಒಪ್ಪಿಸುವ ಪದ್ಧತಿಯಿತ್ತು. ಆಕೆಯೂ ಬರೆದಳು, ಆದರೆ ಕೆಳಗೆ ಹಾಕಿದ ಹೆಸರು ಆಂತ್ವಾನ್ ಒಗುಸ್ತ್ ಲ ಬ್ಲಾಂ ಎಂಬ ವಿದ್ಯಾರ್ಥಿಯದು. ಫ್ರೆಂಚಿನಲ್ಲಿ ಬ್ಲಾಂ ಎಂದರೆ ಬಿಳಿಯದು. ಬರೆಯದೆ ಬಿಟ್ಟ ಜಾಗಕ್ಕೂ ಅದೇ ಪದ. ಒಂದು ವಿಪರ್ಯಾಸವನ್ನೂ ಗಮನಿಸಬೇಕು. ಯಾವ ಪ್ರಜೆಯೂ ಜನನದಾಖಲೆಯಲ್ಲಿರುವುದನ್ನು ಬಿಟ್ಟು ಬೇರೆ ಹೆಸರನ್ನು ಧರಿಸಕೂಡದೆಂದು ಕ್ರಾಂತಿ ಸರ್ಕಾರ ಕಾನೂನು ಮಾಡಿದ್ದೂ 1794ರ ಆಗಸ್ಟ್‌ನಲ್ಲಿಯೇ. ಹೆಸರಿನ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದ ರಾಜ್ಯ, ಒಬ್ಬಳು ತನ್ನ ನಿಜ ಹೆಸರಿನಲ್ಲಿ ಕಲಿಯಲು ಬಾರದಂತೆ ಬಾಗಿಲನ್ನು ಮುಚ್ಚಿತ್ತು.

ಆ ಬರಹಗಳನ್ನು ಓದಿದವನು ಲಗ್ರಾಂಜ್, ಅಂದಿನ ಯೂರೋಪಿನ ಅತ್ಯಂತ ಗೌರವಾನ್ವಿತ ಗಣಿತಜ್ಞರಲ್ಲೊಬ್ಬ. ಲ ಬ್ಲಾಂನ ಪ್ರತಿಭೆಗೆ ಬೆರಗಾಗಿ ಬರೆದವನನ್ನು ಕಾಣಬಯಸಿದನು. ನಿಜ ತಿಳಿದ ಮೇಲೆ ತಾನೇ ಆಕೆಯನ್ನು ಭೇಟಿಯಾಗಿ ಹುರಿದುಂಬಿಸಿದನು. ಆತನಿಂದಾಗಿ ಪ್ಯಾರಿಸ್ಸಿನ ವಿದ್ವಾಂಸರಿಗೆ ಆಕೆಯ ಪರಿಚಯವಾಯಿತು. ಆದರೂ ಕ್ರಮಬದ್ಧವಾದ ಶಿಕ್ಷಣ ಕೊನೆಯವರೆಗೂ ದೊರೆಯಲಿಲ್ಲ. ಅಭಿನಂದನೆಗೆ ಬಂದವರು ಹಲವರು. ತಪ್ಪನ್ನು ತಿದ್ದಿ ಪಾಠ ಹೇಳುವ ಸಹಪಾಠಿಗಳು, ಗುರುಗಳು ಇರಲಿಲ್ಲ. ಈ ಕೊರತೆಯ ಫಲವನ್ನು ಆಕೆ ಮುಂದೆ ಅನುಭವಿಸಬೇಕಾಯಿತು.

1801ರಲ್ಲಿ ಇಪ್ಪತ್ತನಾಲ್ಕು ವರ್ಷದ ಗೌಸ್ ಸಂಖ್ಯಾಸಿದ್ಧಾಂತದ ಮೇಲೆ ಲ್ಯಾಟಿನ್ನಿನಲ್ಲಿ ತನ್ನ ಮಹಾಗ್ರಂಥವನ್ನು ಪ್ರಕಟಿಸಿದನು. ಗೌಸ್ ಹುಟ್ಟಿದ್ದು, ಆಗ ವಾಸಿಸುತ್ತಿದ್ದುದು ನಾನಿರುವ ಇದೇ ಬ್ರೌನ್‌ಶ್ವೈಗ್‌ನಲ್ಲಿ. ಆ ಗ್ರಂಥವನ್ನು ಆಳವಾಗಿ ಓದಿ ಅರಗಿಸಿಕೊಂಡ ಸೋಫಿ 1804ರ ನವೆಂಬರ್‌ನಲ್ಲಿ ಆತನಿಗೆ ತನ್ನ ಶೋಧನೆಗಳನ್ನು ಬರೆದು ಕಳಿಸಿದಳು. ಈ ಬಾರಿಯೂ ಸಹಿ ಲ ಬ್ಲಾಂನದೇ. ವಿದುಷಿಯೆಂದರೆ ನಗುವ ಕಾಲವದು. ಹೆಣ್ಣಿನ ಕಾಗದವೆಂದು ಓದದೆ ಬದಿಗಿಟ್ಟಾನೆಂಬ ಅಂಜಿಕೆ ಆಕೆಗಿತ್ತು. ಗೌಸ್ ಮೆಚ್ಚಿ ಉತ್ತರಿಸಿದನು. ಪತ್ರವ್ಯವಹಾರ ಬೆಳೆಯಿತು.

1806ರ ಅಕ್ಟೋಬರ್‌ನಲ್ಲಿ ಯೇನಾ ಮತ್ತು ಔವರ್‌ಸ್ಟೆಟ್ ಕದನಗಳಲ್ಲಿ ಪ್ರಷ್ಯದ ಸೈನ್ಯ ನೆಪೋಲಿಯನ್ನನ ಪಡೆಗೆ ಸೋತಿತು. ಗೌಸನ ಪೋಷಕನಾಗಿದ್ದ ಬ್ರೌನ್‌ಶ್ವೈಗ್‌ನ ಡ್ಯೂಕ್ ಗಾಯಗೊಂಡು ಸತ್ತನು. ಊರು ಫ್ರೆಂಚರ ವಶವಾಯಿತು. ಪ್ಯಾರಿಸ್ಸಿನಲ್ಲಿದ್ದ ಸೋಫಿಗೆ ಆರ್ಕಿಮಿಡೀಸನ ಅಂತ್ಯ ನೆನಪಾಯಿತು. ತಮ್ಮ ಮನೆತನಕ್ಕೆ ಪರಿಚಿತನಾಗಿದ್ದ ಸೇನಾಪತಿ ಪೆರ್ನೆತಿಗೆ ಬರೆದು, ಗೌಸನಿಗೆ ಅಪಾಯವಾಗದಂತೆ ನೋಡಿಕೊಳ್ಳಬೇಕೆಂದು ಬೇಡಿಕೊಂಡಳು. ಆತ ಕಳಿಸಿದ ಅಧಿಕಾರಿಯೊಬ್ಬ ಬ್ರೌನ್‌ಶ್ವೈಗ್‌ಗೆ ಬಂದು ಗೌಸನನ್ನು ಕಂಡು, ಪ್ಯಾರಿಸ್ಸಿನ ಕುಮಾರಿ ಸೋಫಿ ಜರ್ಮೇನಳ ಕೋರಿಕೆಯಂತೆ ಯೋಗಕ್ಷೇಮ ವಿಚಾರಿಸಲು ಬಂದಿರುವುದಾಗಿ ತಿಳಿಸಿದನು. ಆ ಹೆಸರಿನವರು ಯಾರನ್ನೂ ತಾನರಿಯೆನೆಂದು ಗೌಸ್ ಉತ್ತರಿಸಿದನು. ಎರಡು ವರ್ಷದಿಂದ ಆಕೆಯೊಡನೆ ಗಣಿತ ಚರ್ಚಿಸುತ್ತಿದ್ದವನ ನಿಜವಾದ ಉತ್ತರವದು.

ಈ ಪ್ರಸಂಗ ನನ್ನನ್ನು ಬಹಳ ದಿನ ಕಾಡಿತು. ಈ ದೇಶದಲ್ಲಿ ಕೆಲಸಕ್ಕೆ ಅರ್ಜಿ ಬರೆಯುವಾಗ ನಾನೂ ನನ್ನ ಐದಕ್ಷರದ ಹೆಸರನ್ನು ಎರಡಕ್ಷರಕ್ಕೆ ಕತ್ತರಿಸಿದ್ದೆ. ಆ ಮೊಟಕು ಹೆಸರಿಗೆ ಓಗೊಡುವಾಗ ಆಗುವ ಸಣ್ಣ ಮುಜುಗರವನ್ನು ಬಲ್ಲೆ. ಆದರೆ ನನ್ನದು ಅನುಕೂಲಕ್ಕಾಗಿ ಮಾಡಿಕೊಂಡದ್ದು. ಪೂರ್ತಿ ಹೆಸರು ಬರೆದಿದ್ದರೂ ಅರ್ಜಿಯನ್ನು ಓದುತ್ತಿದ್ದರು. ಆಕೆಗೆ ಆ ಆಯ್ಕೆ ಇರಲಿಲ್ಲ.

1807ರ ಫೆಬ್ರವರಿಯಲ್ಲಿ ಸೋಫಿ ತಾನೇ ಲ ಬ್ಲಾಂ ಎಂದು ಗೌಸನಿಗೆ ಬರೆದು ತಿಳಿಸಿದಳು. ಏಪ್ರಿಲ್ 30ರಂದು, ತನ್ನ ಮೂವತ್ತನೆಯ ಹುಟ್ಟುಹಬ್ಬದ ದಿನ, ಗೌಸ್ ದೀರ್ಘವಾದ ಉತ್ತರ ಬರೆದನು. ಸಂಪ್ರದಾಯ ಮತ್ತು ಪೂರ್ವಗ್ರಹಗಳಿಂದಾಗಿ ಗಂಡಸಿಗಿಂತ ಎಷ್ಟೋ ಪಟ್ಟು ಹೆಚ್ಚು ಅಡ್ಡಿಗಳನ್ನು ಎದುರಿಸಬೇಕಾದ ಹೆಣ್ಣೊಬ್ಬಳು ಅವುಗಳನ್ನೆಲ್ಲ ದಾಟಿ ಸಂಖ್ಯೆಗಳ ಗೂಢಕ್ಕೆ ಇಳಿದಿರುವುದು ಅಸಾಧಾರಣ ಧೈರ್ಯ ಮತ್ತು ಪ್ರತಿಭೆಯ ಗುರುತು ಎಂಬುದು ಅದರ ತಾತ್ಪರ್ಯ. ಮುಂದಿನ ಭಾಗದಲ್ಲಿ ಆಕೆಯ ಒಂದು ತಪ್ಪನ್ನೂ ತೋರಿಸಿದನು. ಸಮಾನರೆಂದು ಬಗೆದವರ ತಪ್ಪನ್ನಲ್ಲವೇ ತಿದ್ದುವುದು? ಅದೇ ವರ್ಷ ಗೌಸ್ ಗೋಟಿಂಗನ್ ವಿಶ್ವವಿದ್ಯಾಲಯಕ್ಕೆ ತೆರಳಿದನು. ಖಗೋಳಶಾಸ್ತ್ರದಲ್ಲಿ ಮುಳುಗಿ, ಕೆಲಕಾಲದಲ್ಲಿ ಪತ್ರ ಬರೆಯುವುದನ್ನು ನಿಲ್ಲಿಸಿದನು. ಅವರಿಬ್ಬರೂ ಒಮ್ಮೆಯೂ ಭೇಟಿಯಾಗಲಿಲ್ಲ.

ಮರಳಿನ ಚಿತ್ತಾರಗಳು

ಸಂಖ್ಯೆಗಳಿಂದ ಆಕೆಯನ್ನು ಬೇರೆಡೆಗೆ ಎಳೆದದ್ದು ಒಂದು ಪ್ರಯೋಗ. ಜರ್ಮನ್ ವಿಜ್ಞಾನಿ ಕ್ಲಾಡ್ನಿ 1808ರಲ್ಲಿ ಪ್ಯಾರಿಸ್ಸಿಗೆ ಬಂದು, ಲೋಹದ ಅಥವಾ ಗಾಜಿನ ತೆಳು ಫಲಕದ ಮೇಲೆ ಮರಳು ಉದುರಿಸಿ, ಅದರ ಅಂಚನ್ನು ಪಿಟೀಲಿನ ಕಮಾನಿನಿಂದ ಉಜ್ಜಿ ತೋರಿಸಿದನು. ಫಲಕ ನಾದಗೊಡುತ್ತಿದ್ದಂತೆ ಮರಳು ಸರಿದು ಕಂಪಿಸದ ರೇಖೆಗಳ ಮೇಲೆ ನಿಲ್ಲುತ್ತಿತ್ತು. ರಂಗೋಲಿಯಂತಹ ಚಿತ್ತಾರಗಳು ಮೂಡುತ್ತಿದ್ದವು. ನೆಪೋಲಿಯನ್ ಮೆಚ್ಚಿದನು. ಈ ಕಂಪನಗಳ ಗಣಿತವನ್ನು ವಿವರಿಸಿದವರಿಗೆ 3000 ಫ್ರಾಂಕ್ ಬೆಲೆಯ ಚಿನ್ನದ ಪದಕವನ್ನು ವಿಜ್ಞಾನ ಸಂಸ್ಥೆಯು ಘೋಷಿಸಿತು.

1811ರ ಗಡುವಿಗೆ ಬಂದ ಪ್ರಬಂಧ ಒಂದೇ, ಸೋಫಿಯದು. ಅದರಲ್ಲಿ ಗಂಭೀರ ದೋಷವಿತ್ತು. ತೀರ್ಪುಗಾರರಲ್ಲೊಬ್ಬನಾಗಿದ್ದ ಲಗ್ರಾಂಜ್ ಆಕೆಯ ಊಹೆಯನ್ನು ಆಧರಿಸಿಯೇ ಸರಿಯಾದ ಸಮೀಕರಣವನ್ನು ಪಡೆದನು. ಗಡುವನ್ನು ವಿಸ್ತರಿಸಲಾಯಿತು. 1813ರ ಎರಡನೆಯ ಪ್ರಯತ್ನಕ್ಕೆ ಗೌರವಪೂರ್ವಕ ಉಲ್ಲೇಖವಷ್ಟೇ ದೊರೆಯಿತು. ಮೂರನೆಯ ಬಾರಿ ಬಹುಮಾನ ಬಂದಿತು. ಅದಕ್ಕೂ ತೀರ್ಪುಗಾರರು ಆಕ್ಷೇಪಣೆಗಳನ್ನು ಸೇರಿಸಿಯೇ ಇದ್ದರು. ಈ ನಡುವೆ ಪ್ವಾಸೋಂ ಅದೇ ವಿಷಯದ ಮೇಲೆ ಪ್ರತಿಸ್ಪರ್ಧಿಯಾದ ಸಿದ್ಧಾಂತವನ್ನು ಮಂಡಿಸಿದ್ದನು. 1816ರ ಜನವರಿ 8ರಂದು ಪ್ರಶಸ್ತಿಪ್ರದಾನ ಸಭೆ ನಡೆದಾಗ ಸೋಫಿ ಅಲ್ಲಿಗೆ ಹೋಗಲಿಲ್ಲ. ಪ್ಯಾರಿಸ್ಸಿನ ಆ ಸಂಸ್ಥೆಯಿಂದ ವಿಜ್ಞಾನದ ಬಹುಮಾನ ಪಡೆದ ಮೊದಲ ಸ್ತ್ರೀ ಆಕೆ. ಅದು ಸಂದದ್ದು ಲ ಬ್ಲಾಂಗಲ್ಲ, ಸೋಫಿ ಜರ್ಮೇನಳಿಗೆ. ಆ ಪ್ರಬಂಧವನ್ನು ಪರಿಷ್ಕರಿಸಿ 1821ರಲ್ಲಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದಳು. ಗಣಿತಜ್ಞ ಫೂರಿಯೇ ಸಂಸ್ಥೆಯ ಕಾರ್ಯದರ್ಶಿಯಾದ ಬಳಿಕ ಸಭೆಗಳಲ್ಲಿ ಕೂರಲು ಆಕೆಗೆ ಅನುಮತಿ ದೊರಕಿಸಿದನು. ಸದಸ್ಯರ ಪತ್ನಿಯರಲ್ಲದ ಸ್ತ್ರೀಗೆ ಅದು ಹೊಸ ಗೌರವವಾಗಿತ್ತು.

ಅಡಿಟಿಪ್ಪಣಿಯಲ್ಲಿ ಒಂದು ಪ್ರಮೇಯ

ಆಕೆಯ ಹೆಸರನ್ನು ಇಂದು ಲೋಕದಾದ್ಯಂತ ಉಳಿಸಿರುವುದು ಸಂಖ್ಯಾಸಿದ್ಧಾಂತದ ಕೆಲಸ. 3ರ ವರ್ಗಕ್ಕೆ 4ರ ವರ್ಗವನ್ನು ಕೂಡಿದರೆ 5ರ ವರ್ಗ ಬರುತ್ತದೆ. ಘನಗಳಲ್ಲಾಗಲಿ, ಅದಕ್ಕೂ ಮೇಲಿನ ಘಾತಗಳಲ್ಲಾಗಲಿ ಹೀಗೆ ಕೂಡಿಬರುವ ಪೂರ್ಣಸಂಖ್ಯೆಗಳಿಲ್ಲವೆಂದು ಹದಿನೇಳನೆಯ ಶತಮಾನದಲ್ಲಿ ಫರ್ಮಾ ಹೇಳಿಹೋಗಿದ್ದನು. ನಾಲ್ಕನೆಯ ಘಾತಕ್ಕೆ ಆತನೇ, ಮೂರನೆಯದಕ್ಕೆ ಆಯ್ಲರ್ ಸಾಧನೆ ಕೊಟ್ಟಿದ್ದರು. ಒಂದೊಂದೇ ಘಾತವನ್ನು ಎತ್ತಿಕೊಳ್ಳುತ್ತ ಹೋದರೆ ಕೊನೆಯಿಲ್ಲ. ಸೋಫಿ ಒಮ್ಮೆಗೇ ಅನೇಕ ಘಾತಗಳಿಗೆ ಅನ್ವಯಿಸುವ ದಾರಿಯನ್ನು ಹುಡುಕಿದಳು.

ಒಂದು ಉದಾಹರಣೆಯಿಂದ ಆ ದಾರಿ ತಿಳಿಯುತ್ತದೆ. 5 ಅವಿಭಾಜ್ಯ ಸಂಖ್ಯೆ. ಅದನ್ನು ಇಮ್ಮಡಿಸಿ ಒಂದು ಕೂಡಿದರೆ ಬರುವ 11 ಕೂಡ ಅವಿಭಾಜ್ಯ. ಯಾವ ಸಂಖ್ಯೆಯ ಐದನೆಯ ಘಾತವನ್ನೇ ಆಗಲಿ 11ರಿಂದ ಭಾಗಿಸಿದರೆ ಉಳಿಯುವ ಶೇಷ 0, 1 ಅಥವಾ 10 ಮಾತ್ರ. 2ರ ಐದನೆಯ ಘಾತ 32, ಶೇಷ 10. 3ರದು 243, ಶೇಷ 1. ಮೂರೂ ಸಂಖ್ಯೆಗಳು 11ರಿಂದ ಭಾಗವಾಗದಿದ್ದರೆ ಈ ಶೇಷಗಳು ಕೂಡಿಬರುವುದೇ ಇಲ್ಲ: 1 ಮತ್ತು 1 ಕೂಡಿದರೆ 2, 10 ಮತ್ತು 10 ಕೂಡಿದರೆ ಶೇಷ 9, 1 ಮತ್ತು 10 ಕೂಡಿದರೆ 0. ಆದ್ದರಿಂದ ಮೂರರಲ್ಲಿ ಒಂದನ್ನಾದರೂ 11 ಭಾಗಿಸಲೇಬೇಕು. ಈ ಹಿಡಿತದಿಂದ ಮುಂದುವರಿದು, ಐದನೆಯ ಘಾತಕ್ಕೆ ಪರಿಹಾರವಿದ್ದರೆ ಅದರಲ್ಲಿ ಒಂದು ಸಂಖ್ಯೆ 5ರಿಂದಲೂ ಭಾಗವಾಗಲೇಬೇಕೆಂದು ಆಕೆ ತೋರಿಸಿದಳು. ಇಮ್ಮಡಿಸಿ ಒಂದು ಕೂಡಿದಾಗ ಮತ್ತೆ ಅವಿಭಾಜ್ಯವೇ ಬರುವ ಎಲ್ಲ ಬೆಸ ಅವಿಭಾಜ್ಯ ಘಾತಗಳಿಗೂ ಇಂಥದೇ ಮಾತು ಸಲ್ಲುತ್ತದೆ. ಇಮ್ಮಡಿಯ ಬದಲು ಬೇರೆ ಮಡಿಗಳನ್ನೂ ಬಳಸಿ 100ಕ್ಕಿಂತ ಕಡಿಮೆಯ ಎಲ್ಲ ಬೆಸ ಅವಿಭಾಜ್ಯ ಘಾತಗಳಿಗೂ ಆಕೆ ಇದನ್ನು ಸಾಧಿಸಿದಳು. 1825ರಲ್ಲಿ ಡಿರಿಶ್ಲೆ ಮತ್ತು ಲಜಾಂಡ್ರ್ ಐದನೆಯ ಘಾತದ ಪ್ರಶ್ನೆಯನ್ನು ಪೂರ್ಣವಾಗಿ ಬಗೆಹರಿಸಿದರು. ಫರ್ಮಾನ ಮಾತು ಪೂರ್ತಿಯಾಗಿ ಸಿದ್ಧವಾದದ್ದು 1990ರ ದಶಕದಲ್ಲಿ, ಆಂಡ್ರೂ ವೈಲ್ಸ್ ಕೈಯಲ್ಲಿ.

ಈ ಪ್ರಮೇಯವನ್ನು ಸೋಫಿ ತಾನಾಗಿ ಪ್ರಕಟಿಸಲಿಲ್ಲ. ಲಜಾಂಡ್ರ್ ತನ್ನ ಬರಹವೊಂದರ ಅಡಿಟಿಪ್ಪಣಿಯಲ್ಲಿ ಇದು ಆಕೆಯದೆಂದು ಸೂಚಿಸಿದನು. ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಲೋಕಕ್ಕೆ ಗೊತ್ತಿದ್ದುದು ಆ ಅಡಿಟಿಪ್ಪಣಿಯಷ್ಟೇ. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ, ಫ್ಲಾರೆನ್ಸ್ ನಗರದಲ್ಲಿ, ಗೋಟಿಂಗನ್‌ನಲ್ಲಿ ಉಳಿದಿರುವ ಆಕೆಯ ಹಸ್ತಪ್ರತಿಗಳನ್ನು ಇತ್ತೀಚೆಗೆ ವಿದ್ವಾಂಸರು ಓದಿದಾಗ, ಫರ್ಮಾನ ಪ್ರಮೇಯವನ್ನು ಇಡಿಯಾಗಿ ಸಾಧಿಸುವ ಒಂದು ವಿಸ್ತಾರವಾದ ಯೋಜನೆಯೇ ಆಕೆಗಿತ್ತೆಂದು ತಿಳಿದುಬಂತು. ಆ ಯೋಜನೆ ಕೈಗೂಡದೆಂಬುದನ್ನೂ ಆಕೆಯೇ ಕಂಡುಕೊಂಡಿದ್ದಳು.

ಕೊನೆಯ ವರ್ಷಗಳು ಮತ್ತು ಉಳಿದ ಹೆಸರು

1829ರಲ್ಲಿ ಆಕೆಗೆ ಸ್ತನದ ಕ್ಯಾನ್ಸರ್ ಕಾಣಿಸಿಕೊಂಡಿತು. ನೋವಿನ ನಡುವೆಯೂ ಬರೆಯುವುದನ್ನು ನಿಲ್ಲಿಸಲಿಲ್ಲ. 1831ರ ಜೂನ್ 27ರಂದು ಪ್ಯಾರಿಸ್ಸಿನ ಸಾವ್ವಾ ಬೀದಿಯ 13ನೆಯ ಸಂಖ್ಯೆಯ ಮನೆಯಲ್ಲಿ ತೀರಿಕೊಂಡಳು. ಆಗ ಆಕೆಗೆ 55 ವರ್ಷ. ಪೇರ್ ಲಾಶೇಸ್ ಸ್ಮಶಾನದಲ್ಲಿ ಸಮಾಧಿಯಿದೆ. ಮರಣದಾಖಲೆಯಲ್ಲಿ ವೃತ್ತಿಯ ಜಾಗದಲ್ಲಿ ಬರೆದದ್ದು ರಾಂತಿಯೇರ್ ಎಂದು, ಅಂದರೆ ಆಸ್ತಿಯ ವರಮಾನದಿಂದ ಬದುಕುವವಳು. ಹಾಗೆ ಬರೆದ ಗುಮಾಸ್ತನು ಸುಳ್ಳು ಹೇಳಲಿಲ್ಲ. ಗಣಿತಜ್ಞೆ ಎಂಬುದು ಹೆಣ್ಣಿನ ವೃತ್ತಿಯಾಗಿ ಆ ಕಾಲದ ದಾಖಲೆಗೆ ಹೊಂದುವ ಪದವಾಗಿರಲಿಲ್ಲ, ಅಷ್ಟೆ. ವಿಜ್ಞಾನ ಮತ್ತು ಸಾಹಿತ್ಯಗಳ ಸ್ಥಿತಿಗತಿಯನ್ನು ಕುರಿತ ಆಕೆಯ ತಾತ್ತ್ವಿಕ ಪ್ರಬಂಧವನ್ನು 1833ರಲ್ಲಿ ಅಕ್ಕನ ಮಗ ಪ್ರಕಟಿಸಿದನು. ಐಫೆಲ್ ಗೋಪುರ 1889ರಲ್ಲಿ ಎದ್ದುನಿಂತಾಗ ಅದರ ಮೇಲೆ ಕೆತ್ತಿದ 72 ವಿಜ್ಞಾನಿ, ಎಂಜಿನಿಯರುಗಳ ಹೆಸರುಗಳಲ್ಲಿ ಲಗ್ರಾಂಜ್, ಲಜಾಂಡ್ರ್, ಪ್ವಾಸೋಂ, ಫೂರಿಯೇ ಎಲ್ಲರೂ ಇದ್ದರು. ಸ್ಥಿತಿಸ್ಥಾಪಕತ್ವವನ್ನು ಕುರಿತು ದುಡಿದ ಸೋಫಿ ಇರಲಿಲ್ಲ.

ಆದರೆ ಹೆಸರು ನಿಧಾನವಾಗಿ ಮರಳಿ ಬಂದಿತು. ಪ್ಯಾರಿಸ್ಸಿನಲ್ಲಿ ಆಕೆಯ ಹೆಸರಿನ ಬೀದಿಯಿದೆ, ಪ್ರೌಢಶಾಲೆಯಿದೆ. 2003ರಿಂದ ಫ್ರಾನ್ಸಿನಲ್ಲಿ ಗಣಿತಕ್ಕೆ ಆಕೆಯ ಹೆಸರಿನ ಪ್ರಶಸ್ತಿಯಿದೆ. ರಷ್ಯದಿಂದ ಬಂದ ಇನ್ನೊಬ್ಬ ಸೋಫಿ, ಸೋಫಿಯಾ ಕೊವಲೆವ್‌ಸ್ಕಾಯಾ, 1874ರಲ್ಲಿ ಗೌಸನ ಗೋಟಿಂಗನ್ ವಿಶ್ವವಿದ್ಯಾಲಯದಿಂದಲೇ ಗಣಿತದಲ್ಲಿ ಡಾಕ್ಟರೇಟ್ ಪಡೆದಳು. 1888ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಸಂಸ್ಥೆಯ ಬೋರ್ದಾಂ ಬಹುಮಾನವನ್ನೂ ಗಳಿಸಿದಳು, ತನ್ನ ಹೆಸರಿನಲ್ಲಿಯೇ. ಇಮ್ಮಡಿಸಿ ಒಂದು ಕೂಡಿದಾಗ ಮತ್ತೆ ಅವಿಭಾಜ್ಯವೇ ಬರುವ ಅವಿಭಾಜ್ಯಗಳನ್ನು ಇಂದು ಎಲ್ಲ ದೇಶಗಳ ಗಣಿತಜ್ಞರೂ ಸೋಫಿ ಜರ್ಮೇನ್ ಅವಿಭಾಜ್ಯಗಳೆಂದು ಕರೆಯುತ್ತಾರೆ: 2, 3, 5, 11, 23, 29, 41, 53. ಗೌಸ್, ಆಯ್ಲರ್ ಮುಂತಾದವರ ವಿಷಯದಲ್ಲಿ ಮನೆತನದ ಹೆಸರಷ್ಟೇ ಸಾಕಾಯಿತು. ಈ ಸಂಖ್ಯೆಗಳಿಗೆ ಮಾತ್ರ ಆಕೆಯ ಸ್ವಂತ ಹೆಸರೂ ಸೇರಿಕೊಂಡಿದೆ.

ಕಳೆದ ಮೇ ತಿಂಗಳಲ್ಲಿ ಚಳಿಯ ಸೋಫಿ ಕಳೆದ ಮರುದಿನ ಹಿತ್ತಲಲ್ಲಿ ಸಸಿ ನೆಡುತ್ತ ಈ ಕಥೆಯನ್ನು ಮೇಧಾಳಿಗೆ ಹೇಳಿದೆ. ಅವಳಿಗೆ ಆಗ ಹನ್ನೊಂದು ತುಂಬಿತ್ತು. ಬೆರಳು ಮಡಿಸಿ ಲೆಕ್ಕ ಹಾಕಿ, ತನ್ನ ವಯಸ್ಸು ಸೋಫಿಯ ಸಂಖ್ಯೆಯೇ ಎಂದು ಕಂಡುಕೊಂಡಳು. ಇನ್ನೊಮ್ಮೆ ಅಂಥ ವರ್ಷ ಬರಲು ಇಪ್ಪತ್ತಮೂರರವರೆಗೆ ಕಾಯಬೇಕೆಂದೂ ತಾನೇ ಹೇಳಿದಳು. ಮಾರನೆಯ ದಿನ ಗೆಳತಿ ಸೋಫಿಗೆ ತೋರಿಸಲೆಂದು ಆ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು, ಕೆಳಗೆ ತನ್ನ ಹೆಸರನ್ನು ಕನ್ನಡದಲ್ಲಿ ಪೂರ್ತಿಯಾಗಿ ಬರೆದುಕೊಂಡು ಹೋದಳು.